ಅಂಗಳದ ಕ್ಯಾಮೆರಾ, ಮನೆಯ ಪರದೆ: ಹರಿದು ಬರುವ ಚಿತ್ರದ ದೋಷ ಪತ್ತೆ ಮತ್ತು ಹಂಚಿಕೆ

ಹಣ್ಣಡಿಕೆ ಅಂಗಳಕ್ಕೆ ಬಿದ್ದಂದಿನಿಂದ ಒಣಗಿ ಚಾಲಿಯಾಗುವ ತನಕ 40ರಿಂದ 45 ದಿನಗಳ ಬಿಸಿಲು ಬೇಕು. ಚೆರಿ ಕಾಫಿಗೆ ಕಣದಲ್ಲಿ 12ರಿಂದ 15 ದಿನ ಬೇಕಾಗುತ್ತದೆ. ವರ್ಷವಿಡೀ ದುಡಿದ ಫಲವೆಲ್ಲ ಬಯಲಿನಲ್ಲಿ ಬಿದ್ದಿರುವ ಈ ಅವಧಿಯಲ್ಲಿ ಕಳ್ಳತನದ ಭಯ, ಅಕಾಲ ಮಳೆಯ ಭಯ, ದನಕರುಗಳ ಕಾಟ ಎಲ್ಲವೂ ಒಟ್ಟಿಗೇ ಇರುತ್ತವೆ. ಮನೆಯಲ್ಲಿ ಆಳುಗಳ ಸಂಖ್ಯೆ ಕಡಿಮೆಯಾಗಿ, ಮಕ್ಕಳು ಪಟ್ಟಣ ಸೇರಿದ ಮೇಲೆ, ರಾತ್ರಿಯೆಲ್ಲ ಜಗಲಿಯಲ್ಲಿ ಕೂತು ಕಾವಲು ಕಾಯುವವರಿಲ್ಲ. ಆದ್ದರಿಂದಲೇ ಸಣ್ಣ ಹಿಡುವಳಿದಾರರೂ ಅಂಗಳಕ್ಕೊಂದು, ಉಗ್ರಾಣಕ್ಕೊಂದು ಕ್ಯಾಮೆರಾ ಹಾಕಿಸಿಕೊಂಡಿದ್ದಾರೆ.

ಆದರೆ ಕ್ಯಾಮೆರಾ ಗೋಡೆಯ ಮೇಲಿದ್ದ ಮಾತ್ರಕ್ಕೆ ಅಂಗಳಕ್ಕೆ ಕಾವಲು ಬಂದಂತಾಗಲಿಲ್ಲ. ಬೇಕಾದ ಹೊತ್ತಿಗೆ ಚಿತ್ರ ಪರದೆಯ ಮೇಲೆ ಬರಬೇಕು. ಗುಡುಗಿನ ರಾತ್ರಿ ಕರೆಂಟು ಹೋಗಿ ಬಂದ ಮೇಲೆ ಪರದೆ ಕಪ್ಪಾಗಿಯೇ ಉಳಿದರೆ, ದುರಸ್ತಿಯವರು ತಾಲೂಕು ಕೇಂದ್ರದಿಂದ ಬರುವ ತನಕ ಎರಡು ಮೂರು ದಿನ ಅಂಗಳ ಕುರುಡಾಗಿರುತ್ತದೆ. ಇಂಥ ದೋಷಗಳಲ್ಲಿ ಬಹುಪಾಲನ್ನು ಮನೆಯವರೇ ಸರಿಪಡಿಸಿಕೊಳ್ಳಲು ಸಾಧ್ಯ. ಅದನ್ನು ಹೇಗೆ ಮಾಡಬೇಕು ಮತ್ತು ಒಂದೇ ಕ್ಯಾಮೆರಾದ ಚಿತ್ರವನ್ನು ಮನೆಯ ಇತರರೊಡನೆ ಅಪಾಯವಿಲ್ಲದೆ ಹೇಗೆ ಹಂಚಿಕೊಳ್ಳಬೇಕು ಎಂಬುದೇ ಈ ಪಾಠದ ವಿಷಯ. ಇದಕ್ಕೆ ಬೇಕಾಗುವ ಸಲಕರಣೆ ಮನೆಯಲ್ಲಿರುವ ಒಂದು ಕಂಪ್ಯೂಟರ್ ಮತ್ತು ವಿ.ಎಲ್.ಸಿ. ಎಂಬ ಉಚಿತ ತಂತ್ರಾಂಶ.

ಹರಿದು ಬರುವ ಚಿತ್ರವೆಂದರೇನು?

ಸಿನಿಮಾದ ಕಡತವೊಂದನ್ನು ಕಂಪ್ಯೂಟರಿಗೆ ಇಳಿಸಿಕೊಂಡು ನೋಡುವುದು ತೊಟ್ಟಿಯಲ್ಲಿ ತುಂಬಿಟ್ಟ ನೀರನ್ನು ಬಳಸಿದಂತೆ. ಕ್ಯಾಮೆರಾದ ಚಿತ್ರ ಹಾಗಲ್ಲ. ಅದು ಪೈಪಿನಲ್ಲಿ ಹರಿಯುತ್ತಿರುವ ನೀರು. ಇದನ್ನೇ ಸ್ಟ್ರೀಮಿಂಗ್ ಎನ್ನುತ್ತಾರೆ. ಕ್ಯಾಮೆರಾ ತಾನು ಕಂಡದ್ದನ್ನು ಸಣ್ಣ ಸಣ್ಣ ಪೊಟ್ಟಣಗಳಾಗಿ ಮಾಡಿ ಒಂದರ ಹಿಂದೆ ಒಂದನ್ನು ಕಳಿಸುತ್ತಲೇ ಇರುತ್ತದೆ. ಪರದೆಯ ಕಡೆ ಇರುವ ತಂತ್ರಾಂಶ ಅವನ್ನು ಬಂದ ಹಾಗೆಯೇ ಬಿಚ್ಚಿ ತೋರಿಸುತ್ತದೆ. ದಾರಿಯಲ್ಲಿ ಪೊಟ್ಟಣ ಕಳೆದುಹೋದರೆ ಚಿತ್ರದಲ್ಲಿ ತೂತು ಬೀಳುತ್ತದೆ. ತಡವಾಗಿ ಬಂದರೆ ಚಿತ್ರ ನಿಲ್ಲುತ್ತದೆ.

ಈ ಹರಿವನ್ನು ಕೇಳಿ ಪಡೆಯುವುದಕ್ಕೆ ಒಂದು ಒಪ್ಪಿತ ಕ್ರಮವಿದೆ. ಅದರ ಹೆಸರು ಆರ್.ಟಿ.ಎಸ್.ಪಿ. 1998ರಲ್ಲಿ ಪ್ರಕಟವಾದ ಈ ನಿಯಮಾವಳಿಯನ್ನು ಇಂದಿಗೂ ಬಹಳಷ್ಟು ಕ್ಯಾಮೆರಾಗಳು ಪಾಲಿಸುತ್ತವೆ. ಬೇರೆ ಬೇರೆ ಕಂಪನಿಗಳ ಕ್ಯಾಮೆರಾಗಳು ಒಂದಕ್ಕೊಂದು ಹೊಂದಿಕೊಳ್ಳಲೆಂದು 2008ರಲ್ಲಿ ಆರಂಭವಾದ ಓನ್‌ವಿಫ್ ಎಂಬ ಒಕ್ಕೂಟವೂ ಇದೆ. ಹೊಸದಾಗಿ ಕ್ಯಾಮೆರಾ ಕೊಳ್ಳುವವರು ಆರ್.ಟಿ.ಎಸ್.ಪಿ. ಅಥವಾ ಓನ್‌ವಿಫ್ ಸೌಲಭ್ಯ ಉಂಟೇ ಎಂದು ಅಂಗಡಿಯಲ್ಲಿಯೇ ಕೇಳಿ ಖಚಿತಪಡಿಸಿಕೊಳ್ಳತಕ್ಕದ್ದು. ಕೆಲವು ಅಗ್ಗದ ಕ್ಯಾಮೆರಾಗಳು ತಮ್ಮದೇ ಮೊಬೈಲ್ ಆ್ಯಪಿನ ಮೂಲಕವಲ್ಲದೆ ಬೇರೆ ಯಾವ ದಾರಿಯಿಂದಲೂ ಚಿತ್ರ ಕೊಡುವುದಿಲ್ಲ. ಅಂಥವುಗಳಿಗೆ ಈ ಪಾಠದ ಕ್ರಮ ಅನ್ವಯಿಸದು.

ವಿ.ಎಲ್.ಸಿ. ಬಂದ ಬಗೆ

ಈ ತಂತ್ರಾಂಶದ ಹುಟ್ಟು ಫ್ರಾನ್ಸಿನಲ್ಲಿ. ಪ್ಯಾರಿಸ್ಸಿನ ಎಕೋಲ್ ಸೆಂತ್ರಾಲ್ ಎಂಬ ಎಂಜಿನಿಯರಿಂಗ್ ವಿದ್ಯಾಲಯದ ವಿದ್ಯಾರ್ಥಿಗಳು 1996ರಲ್ಲಿ, ಉಪಗ್ರಹದಿಂದ ಬಂದ ಟಿ.ವಿ. ಚಿತ್ರವನ್ನು ತಮ್ಮ ಆವರಣದ ಎಲ್ಲ ಕೋಣೆಗಳ ಕಂಪ್ಯೂಟರುಗಳಿಗೆ ಹಂಚುವ ಯೋಜನೆಯೊಂದನ್ನು ಕೈಗೊಂಡರು. ಕಳಿಸುವುದಕ್ಕೆ ಒಂದು ತಂತ್ರಾಂಶ, ಪಡೆದು ತೋರಿಸುವುದಕ್ಕೆ ಇನ್ನೊಂದು. ಎರಡನೆಯದೇ ಮುಂದೆ ವಿ.ಎಲ್.ಸಿ. ಆಯಿತು, ಕಳಿಸುವ ಕೆಲಸವೂ ಕ್ರಮೇಣ ಅದರೊಳಗೇ ಸೇರಿಕೊಂಡಿತು. 2001ರ ಫೆಬ್ರವರಿಯಿಂದ ಅದು ಯಾರು ಬೇಕಾದರೂ ಬಳಸಬಹುದಾದ, ಒಳಗಿನ ಬರಹವನ್ನು ಪರಿಶೀಲಿಸಬಹುದಾದ ಮುಕ್ತ ತಂತ್ರಾಂಶವಾಗಿದೆ. ರಸ್ತೆ ಕಾಮಗಾರಿಯಲ್ಲಿಡುವ ಕಿತ್ತಳೆ ಬಣ್ಣದ ಶಂಕು ಅದರ ಗುರುತು. ನಾವು ಕೇವಲ ಹಾಡು, ಸಿನಿಮಾ ನೋಡುವುದಕ್ಕೆ ಬಳಸುವ ಈ ತಂತ್ರಾಂಶ ಮೂಲದಲ್ಲಿ ಚಿತ್ರ ಹಂಚುವ ಕೆಲಸಕ್ಕಾಗಿಯೇ ಹುಟ್ಟಿದ್ದೆಂಬುದು ಇಲ್ಲಿ ಗಮನಾರ್ಹ.

ಇದನ್ನು ಇಳಿಸಿಕೊಳ್ಳುವಾಗ ತಯಾರಕರಾದ ವಿಡಿಯೋಲ್ಯಾನ್ ಸಂಸ್ಥೆಯ ಸ್ವಂತ ತಾಣದಿಂದಲೇ ಪಡೆಯಬೇಕು. 2022ರಲ್ಲಿ ಹಲವು ತಿಂಗಳ ಕಾಲ ಈ ತಾಣ ಭಾರತದಲ್ಲಿ ತಡೆಹಿಡಿಯಲ್ಪಟ್ಟಿತ್ತು. ಸಂಸ್ಥೆಯವರು ಕಾನೂನು ನೋಟೀಸು ಕೊಟ್ಟ ಬಳಿಕ ಆ ವರ್ಷದ ನವೆಂಬರಿನಲ್ಲಿ ತಡೆ ತೆರವಾಯಿತು. ಅಸಲಿ ತಾಣ ತೆರೆಯದಿದ್ದಾಗ ಸಿಕ್ಕ ಸಿಕ್ಕ ಕಡೆಯಿಂದ ಪ್ರತಿ ಇಳಿಸಿಕೊಂಡವರ ಕಂಪ್ಯೂಟರುಗಳಲ್ಲಿ ಆ ಹಳೆಯ ಪ್ರತಿಗಳು ಇನ್ನೂ ಇದ್ದರೆ, ತೆಗೆದುಹಾಕಿ ಅಸಲಿಯನ್ನು ಹಾಕಿಕೊಳ್ಳುವುದು ಕ್ಷೇಮ. ನಕಲಿ ತಾಣದ ಪ್ರತಿಯೊಡನೆ ಕಳ್ಳ ತಂತ್ರಾಂಶವೂ ಒಳಗೆ ಬರಬಹುದು.

ಮೊದಲ ಬಾರಿ ಚಿತ್ರ ತೆರೆಯುವ ಕ್ರಮ

ಕಂಪ್ಯೂಟರನ್ನೂ ಕ್ಯಾಮೆರಾವನ್ನೂ ಮನೆಯ ಒಂದೇ ರೂಟರಿಗೆ ಜೋಡಿಸಿರಬೇಕು. ವಿ.ಎಲ್.ಸಿ. ತೆರೆದು, 'ಮೀಡಿಯಾ' ಪಟ್ಟಿಯಲ್ಲಿ 'ಓಪನ್ ನೆಟ್‌ವರ್ಕ್ ಸ್ಟ್ರೀಮ್' ಒತ್ತಿ. ಬರುವ ಖಾಲಿ ಗೆರೆಯಲ್ಲಿ ಕ್ಯಾಮೆರಾದ ವಿಳಾಸ ಬರೆಯಬೇಕು. ಅದರ ರಚನೆ ಹೀಗಿದೆ: ಮೊದಲು ಆರ್, ಟಿ, ಎಸ್, ಪಿ ಎಂಬ ನಾಲ್ಕು ಇಂಗ್ಲಿಷ್ ಅಕ್ಷರ, ನಂತರ ಕೋಲನ್ ಮತ್ತು ಎರಡು ಓರೆಗೆರೆ, ಬಳಿಕ ಕ್ಯಾಮೆರಾದ ಅಂಕೆ ವಿಳಾಸ (ಉದಾಹರಣೆಗೆ 192.168.1.64), ಮತ್ತೆ ಕೋಲನ್, 554 ಎಂಬ ಸಂಖ್ಯೆ, ಕೊನೆಗೆ ಓರೆಗೆರೆ ಹಾಕಿ ಹರಿವಿನ ಹೆಸರು. 554 ಎಂಬುದು ಆರ್.ಟಿ.ಎಸ್.ಪಿ.ಗೆ ಮೀಸಲಾದ ಬಾಗಿಲ ಸಂಖ್ಯೆ. ಇದನ್ನು ಪೋರ್ಟ್ ಎನ್ನುತ್ತಾರೆ. ಹರಿವಿನ ಹೆಸರು ಕಂಪನಿಯಿಂದ ಕಂಪನಿಗೆ ಬೇರೆ. ಕ್ಯಾಮೆರಾದ ಕೈಪಿಡಿಯಲ್ಲಿ ಸಿಗುತ್ತದೆ.

ಇಲ್ಲಿ ಒಂದು ಸೂಚನೆ. ಬಳಕೆದಾರನ ಹೆಸರು ಮತ್ತು ಪಾಸ್‌ವರ್ಡನ್ನು ವಿಳಾಸದೊಳಗೇ ಸೇರಿಸಿ ಬರೆಯುವ ಪದ್ಧತಿಯೂ ಇದೆ. ಆದರೆ ಪಾಸ್‌ವರ್ಡಿನಲ್ಲಿ 'ಅಟ್' ಚಿಹ್ನೆ ಅಥವಾ ಓರೆಗೆರೆ ಇದ್ದರೆ ವಿಳಾಸ ನಡುವೆ ಒಡೆದು, ಸರಿಯಾದ ಪಾಸ್‌ವರ್ಡ್ ಬರೆದರೂ ಬಾಗಿಲು ತೆರೆಯದು. ಅವನ್ನು ಬಿಟ್ಟು ವಿಳಾಸವನ್ನಷ್ಟೇ ಬರೆದರೆ ವಿ.ಎಲ್.ಸಿ. ತಾನೇ ಹೆಸರು ಮತ್ತು ಪಾಸ್‌ವರ್ಡ್ ಕೇಳುತ್ತದೆ. ಇದೇ ಸುಲಭ.

ಬಹುತೇಕ ಕ್ಯಾಮೆರಾಗಳು ಎರಡು ಹರಿವುಗಳನ್ನು ಕೊಡುತ್ತವೆ. ಒಂದು ದೊಡ್ಡ ಹರಿವು; ಚಿತ್ರ ಸ್ಪಷ್ಟ, ಭಾರ ಹೆಚ್ಚು. ಇನ್ನೊಂದು ಉಪ ಹರಿವು. ಚಿತ್ರ ಸಣ್ಣದು, ಭಾರ ಕಡಿಮೆ. ಅಂಗಳದಲ್ಲಿ ಯಾರಾದರೂ ಬಂದರೇ ಎಂದು ನೋಡಲು ಉಪ ಹರಿವೇ ಸಾಕು. ಮುಖ ಗುರುತಿಸಬೇಕಾದಾಗ ಮಾತ್ರ ದೊಡ್ಡ ಹರಿವನ್ನು ತೆರೆಯಿರಿ.

ದೋಷ ಹುಡುಕುವ ಕ್ರಮ

ಪಂಪು ಓಡುತ್ತಿದೆ, ಆದರೆ ತೋಟದ ಕೊನೆಯ ಜೆಟ್ಟಿನಲ್ಲಿ ನೀರಿಲ್ಲ ಎಂದಾಗ ಅನುಭವಸ್ಥ ಬೆಳೆಗಾರ ಎಲ್ಲ ಜೆಟ್ಟುಗಳನ್ನೂ ಬಿಚ್ಚಲು ಹೊರಡುವುದಿಲ್ಲ. ಫುಟ್‌ವಾಲ್ವಿನಿಂದ ಆರಂಭಿಸಿ ಪಂಪು, ಮುಖ್ಯ ಪೈಪು, ಗೇಟ್‌ವಾಲ್ವು, ಕೊನೆಗೆ ಜೆಟ್ಟು ಎಂದು ನೀರು ಬರುವ ದಾರಿಯಲ್ಲೇ ನಡೆದು, ಎಲ್ಲಿಯ ತನಕ ನೀರು ಬಂದಿದೆ ಎಂದು ನೋಡುತ್ತಾನೆ. ಚಿತ್ರದ ದೋಷಕ್ಕೂ ಇದೇ ಮದ್ದು. ಕ್ಯಾಮೆರಾ, ದಾರಿ, ವಿಳಾಸ, ತಂತ್ರಾಂಶ, ಕಂಪ್ಯೂಟರಿನ ಶಕ್ತಿ ಎಂಬ ಐದು ಹಂತಗಳನ್ನು ಈ ಕ್ರಮದಲ್ಲೇ ಪರೀಕ್ಷಿಸಬೇಕು. ಒಮ್ಮೆಗೆ ಒಂದನ್ನು ಮಾತ್ರ ಬದಲಿಸಬೇಕು. ನಾಲ್ಕನ್ನು ಒಟ್ಟಿಗೆ ಬದಲಿಸಿದರೆ ಯಾವುದರಿಂದ ಸರಿಯಾಯಿತೆಂದು ಗೊತ್ತಾಗದು. ಮುಂದಿನ ಸಲ ಮತ್ತೆ ಅದೇ ಕತೆ.

1. ಕ್ಯಾಮೆರಾಗೆ ಜೀವ ಇದೆಯೇ? ಕತ್ತಲಲ್ಲಿ ಅದರ ಸುತ್ತ ಕೆಂಪು ದೀಪಗಳು ಮಂದವಾಗಿ ಕಾಣುತ್ತಿದ್ದರೆ ವಿದ್ಯುತ್ತು ಇದೆ ಎಂದರ್ಥ. ಕಾಣದಿದ್ದರೆ ಅಡಾಪ್ಟರನ್ನು ನೋಡಿ. ರೂಟರ್ ಇನ್ವರ್ಟರಿನ ಮೇಲಿದ್ದು ಕ್ಯಾಮೆರಾ ನೇರ ಲೈನಿನ ಮೇಲಿದ್ದರೆ ಕರೆಂಟು ಹೋದಾಗಲೆಲ್ಲ ಕ್ಯಾಮೆರಾ ಸಾಯುತ್ತದೆ. ಎರಡೂ ಒಂದೇ ಇನ್ವರ್ಟರಿನ ಮೇಲಿರಲಿ.

2. ದಾರಿ ಸರಿಯಿದೆಯೇ? ಕಂಪ್ಯೂಟರಿನ ಕಮಾಂಡ್ ಪ್ರಾಂಪ್ಟಿನಲ್ಲಿ 'ಪಿಂಗ್' ಎಂಬ ಆಜ್ಞೆಯ ಮುಂದೆ ಕ್ಯಾಮೆರಾದ ಅಂಕೆ ವಿಳಾಸ ಬರೆದು ಒತ್ತಿದರೆ, ಕ್ಯಾಮೆರಾ 'ಇದ್ದೇನೆ' ಎಂದು ಉತ್ತರಿಸುತ್ತದೆ. ನಾಲ್ಕು ಕರೆಗೆ ನಾಲ್ಕು ಉತ್ತರ ಬಂದರೆ ಸಾಮಾನ್ಯವಾಗಿ ದಾರಿ ಚೆನ್ನಾಗಿದೆ ಎಂದುಕೊಳ್ಳಬಹುದು. ಎರಡೇ ಬಂದರೆ ದಾರಿ ದುರ್ಬಲ. ಒಂದೂ ಬಾರದಿದ್ದರೆ ದಾರಿ ಕಡಿದಿದೆ ಅಥವಾ ವಿಳಾಸ ಬದಲಾಗಿದೆ.

ದಾರಿ ದುರ್ಬಲವಾಗಲು ನಮ್ಮ ಕಡೆ ಸ್ಥಳೀಯ ಕಾರಣಗಳಿವೆ. ಮುರಕಲ್ಲಿನ ದಪ್ಪ ಗೋಡೆ, ತಗಡಿನ ಮಾಡು, ಮಳೆಯಲ್ಲಿ ನೆನೆದ ಅಡಿಕೆ ಸೋಗೆ ಇವೆಲ್ಲ ವೈ-ಫೈ ಅಲೆಯನ್ನು ನುಂಗುತ್ತವೆ. ಬೇಸಿಗೆಯಲ್ಲಿ ಸರಿಯಾಗಿದ್ದ ಚಿತ್ರ ಮಳೆಗಾಲದಲ್ಲಿ ಕೆಡುವುದಕ್ಕೆ ಇದೂ ಒಂದು ಕಾರಣ. ರೂಟರಿನಲ್ಲಿ 2.4 ಮತ್ತು 5 ಗಿಗಾಹರ್ಟ್ಸ್ ಎಂಬ ಎರಡು ಬಗೆಯ ಅಲೆಗಳಿದ್ದರೆ, ದೂರದ ಕ್ಯಾಮೆರಾಗೆ 2.4 ಅನ್ನೇ ಬಳಸಿ. ಅದು ಹೆಚ್ಚು ದೂರ ಸಾಗುತ್ತದೆ. ಎಲ್ಲಕ್ಕಿಂತ ಕೇಬಲ್ ಉತ್ತಮ. ತಾಮ್ರದ ನೆಟ್‌ವರ್ಕ್ ಕೇಬಲಿಗೆ 100 ಮೀಟರಿನ ಮಿತಿ ಇದೆ. ಅದಕ್ಕಿಂತ ದೂರದ ಉಗ್ರಾಣಕ್ಕೆ, ಹಾಗೂ ಸಿಡಿಲು ಹೆಚ್ಚಿರುವ ಗುಡ್ಡದ ಮನೆಗಳಿಗೆ ಫೈಬರ್ ಕೇಬಲ್ ಒಳ್ಳೆಯದು. ಗಾಜಿನ ಎಳೆ ವಿದ್ಯುತ್ತನ್ನು ಹರಿಸುವುದಿಲ್ಲವಾದ್ದರಿಂದ ಕ್ಯಾಮೆರಾಗೆ ಬಡಿದ ಆಘಾತ ಆ ಎಳೆಯ ಮೂಲಕ ಮನೆಯೊಳಕ್ಕೆ ಬರದು.

3. ವಿಳಾಸ ಬದಲಾಗಿದೆಯೇ? ಪದೇ ಪದೇ ಕರೆಂಟು ಹೋಗುವ ನಮ್ಮ ಊರುಗಳಲ್ಲಿ ಈ ದೋಷವನ್ನು ಮರೆಯಲೇಬಾರದು. ಮನೆಯ ಯಂತ್ರಗಳಿಗೆಲ್ಲ ಅಂಕೆ ವಿಳಾಸ ಹಂಚುವುದು ರೂಟರ್. ಕರೆಂಟು ಹೋಗಿ ಬಂದಾಗ ಅದು ಮತ್ತೆ ಹೊಸದಾಗಿ ಹಂಚುತ್ತದೆ. ನಿನ್ನೆ 64 ಆಗಿದ್ದ ಕ್ಯಾಮೆರಾ ಇಂದು 67 ಆಗಿರಬಹುದು. 64 ನಿಮ್ಮ ಮೊಬೈಲಿಗೆ ಹೋಗಿರಬಹುದು. ವಿ.ಎಲ್.ಸಿ. ಮಾತ್ರ ಹಳೆಯ ಬಾಗಿಲನ್ನೇ ತಟ್ಟುತ್ತ, 'ಯುವರ್ ಇನ್‌ಪುಟ್ ಕಾಂಟ್ ಬಿ ಓಪನ್ಡ್' ಎಂಬ ಸಂದೇಶ ತೋರಿಸುತ್ತದೆ. ಕ್ಯಾಮೆರಾ ಕೆಟ್ಟಿತೆಂದು ಬಿಚ್ಚುವ ಮೊದಲು ರೂಟರಿನ ಪುಟ ತೆರೆದು, ಜೋಡಣೆಯಾಗಿರುವ ಯಂತ್ರಗಳ ಪಟ್ಟಿಯಲ್ಲಿ ಕ್ಯಾಮೆರಾದ ಈಗಿನ ವಿಳಾಸ ನೋಡಿ. ಶಾಶ್ವತ ಪರಿಹಾರವೆಂದರೆ ರೂಟರಿನಲ್ಲಿ 'ಅಡ್ರೆಸ್ ರಿಸರ್ವೇಶನ್' ಮಾಡಿ, ಆ ಸಂಖ್ಯೆಯನ್ನು ಕ್ಯಾಮೆರಾಗೆ ಕಾಯಂ ಮೀಸಲಿಡುವುದು. ಒಮ್ಮೆ ಮಾಡಿದರೆ ಸಾಕು, ಈ ತೊಂದರೆ ಮತ್ತೆ ಬಾರದು.

4. ತಂತ್ರಾಂಶದ ಹೊಂದಾಣಿಕೆ ಸರಿಯೇ? ಚಿತ್ರ ತೆರೆಯುತ್ತದೆ, ಆದರೆ ಬೂದು ಕಲೆಗಳು, ಒಡೆದ ಚೌಕಗಳು, ಎಳೆದಂತೆ ಕಾಣುವ ಮನುಷ್ಯಾಕೃತಿ ಇವೆಲ್ಲ ದಾರಿಯಲ್ಲಿ ಪೊಟ್ಟಣಗಳು ಕಳೆದುಹೋದದ್ದರ ಲಕ್ಷಣ. ಪೊಟ್ಟಣ ಸಾಗಿಸಲು ಎರಡು ವಿಧಾನಗಳಿವೆ. ಯು.ಡಿ.ಪಿ. ಎಂಬುದು ಸಾದಾ ಅಂಚೆಯಂತೆ. ಬೇಗ ಹೋಗುತ್ತದೆ, ಕಳೆದರೆ ಕೇಳುವವರಿಲ್ಲ. ಟಿ.ಸಿ.ಪಿ. ಎಂಬುದು ಹಿಂದೆ ನಾವು ಸ್ವೀಕೃತಿ ಚೀಟಿ ಇಟ್ಟು ಕಳಿಸುತ್ತಿದ್ದ ರಿಜಿಸ್ಟರ್ ಟಪಾಲಿನಂತೆ. ತಲುಪಿದ ಸುದ್ದಿ ಬಾರದಿದ್ದರೆ ಮತ್ತೆ ಕಳಿಸಲಾಗುತ್ತದೆ. ವಿ.ಎಲ್.ಸಿ.ಯ 'ಟೂಲ್ಸ್' ಪಟ್ಟಿಯಲ್ಲಿ 'ಪ್ರಿಫರೆನ್ಸಸ್' ತೆರೆದು, 'ಇನ್‌ಪುಟ್ / ಕೋಡೆಕ್ಸ್' ಪುಟದಲ್ಲಿ 'ಆರ್.ಟಿ.ಪಿ. ಓವರ್ ಆರ್.ಟಿ.ಎಸ್.ಪಿ. (ಟಿ.ಸಿ.ಪಿ.)' ಎಂಬುದನ್ನು ಆರಿಸಿ ಉಳಿಸಿದರೆ ಎರಡನೆಯ ವಿಧಾನ ಜಾರಿಗೆ ಬರುತ್ತದೆ. ತೆರೆದ ಮೇಲೆ ಸುಮಾರು ಹತ್ತು ಸೆಕೆಂಡು ಕಪ್ಪಾಗಿದ್ದು ಆಮೇಲೆ ಚಿತ್ರ ಬರುತ್ತಿದ್ದರೂ ಇದೇ ಬದಲಾವಣೆ ಮಾಡಿ ನೋಡಿ. ಯು.ಡಿ.ಪಿ. ಪೊಟ್ಟಣಗಳನ್ನು ನಡುವೆ ಯಾವುದೋ ಬೇಲಿ ತಡೆದಾಗ ವಿ.ಎಲ್.ಸಿ. ಅಷ್ಟು ಹೊತ್ತು ಕಾದು, ಬಳಿಕ ತಾನೇ ಟಿ.ಸಿ.ಪಿ.ಗೆ ತಿರುಗುತ್ತದೆ.

ಚಿತ್ರ ಒಡೆಯದೆ, ನಿಂತು ನಿಂತು ಬರುತ್ತಿದ್ದರೆ ಕಾಯ್ದಿಡುವ ಕಾಲವನ್ನು ಹೆಚ್ಚಿಸಿ. ಬಂದ ಪೊಟ್ಟಣಗಳನ್ನು ವಿ.ಎಲ್.ಸಿ. ಕೂಡಲೇ ತೋರಿಸದೆ ಸ್ವಲ್ಪ ಹೊತ್ತು ಸಂಗ್ರಹಿಸಿಡುತ್ತದೆ. ವಿಳಾಸ ಬರೆಯುವ ಪುಟದಲ್ಲೇ 'ಷೋ ಮೋರ್ ಆಪ್ಷನ್ಸ್' ಒತ್ತಿದರೆ 'ಕ್ಯಾಚಿಂಗ್' ಎಂಬ ಸಂಖ್ಯೆ ಕಾಣುತ್ತದೆ. ಇದು ಮಿಲಿಸೆಕೆಂಡುಗಳ ಲೆಕ್ಕ. 1000 ಎಂದರೆ ಒಂದು ಸೆಕೆಂಡು. ಇದನ್ನು 2000 ಅಥವಾ 3000ಕ್ಕೆ ಏರಿಸಿದರೆ ಹರಿವು ಸಮವಾಗುತ್ತದೆ. ಆದರೆ ಅಷ್ಟೇ ಹೊತ್ತು ಚಿತ್ರ ಹಿಂದೆ ಬೀಳುತ್ತದೆ. ಮೂರು ಸೆಕೆಂಡು ಹಿಂದಿನ ಅಂಗಳ ನೋಡಿದರೆ ನಷ್ಟವಿಲ್ಲ. 30 ಸೆಕೆಂಡು ಹಿಂದಿನದನ್ನು ನೋಡುವುದು ಕಾವಲು ಎನಿಸದು. ಆದ್ದರಿಂದ ದಾರಿಯ ದೋಷವನ್ನು ಸರಿಪಡಿಸದೆ ಈ ಸಂಖ್ಯೆಯನ್ನೇ ಏರಿಸುತ್ತ ಹೋಗಕೂಡದು.

5. ಕಂಪ್ಯೂಟರಿಗೆ ಶಕ್ತಿ ಸಾಲುತ್ತದೆಯೇ? ಚಿತ್ರವನ್ನು ಒತ್ತಿ ಕಿರಿದಾಗಿಸುವ ಎರಡು ಪದ್ಧತಿಗಳು ರೂಢಿಯಲ್ಲಿವೆ. 2003ರಲ್ಲಿ ಬಂದ ಎಚ್. 264 ಮತ್ತು 2013ರಲ್ಲಿ ಬಂದ ಎಚ್. 265. ಎರಡನೆಯದು ಸರಿಸುಮಾರು ಅರ್ಧ ಭಾರದಲ್ಲಿ ಅಷ್ಟೇ ಒಳ್ಳೆಯ ಚಿತ್ರ ಕೊಡುತ್ತದೆ. ಆದರೆ ಅದನ್ನು ಬಿಚ್ಚುವುದಕ್ಕೆ ಹೆಚ್ಚು ಶಕ್ತಿ ಬೇಕು. ಹಳೆಯ ಕಂಪ್ಯೂಟರಿನಲ್ಲಿ ಫ್ಯಾನು ಜೋರಾಗಿ ತಿರುಗಿ, ಚಿತ್ರ ಕುಂಟುತ್ತಿದ್ದರೆ ಕ್ಯಾಮೆರಾದ ಹೊಂದಾಣಿಕೆ ಪುಟದಲ್ಲಿ ಪದ್ಧತಿಯನ್ನು 264ಕ್ಕೆ ಬದಲಿಸಿ, ಇಲ್ಲವೇ ಉಪ ಹರಿವನ್ನು ತೆರೆಯಿರಿ. ಸಮಯದ ಅಂಕೆ ಓಡುತ್ತಿದ್ದು ಚಿತ್ರ ಮಾತ್ರ ಕಪ್ಪಾಗಿದ್ದರೆ, ಮೇಲೆ ಹೇಳಿದ ಪುಟದಲ್ಲೇ ಇರುವ 'ಹಾರ್ಡ್‌ವೇರ್ ಆ್ಯಕ್ಸೆಲರೇಟೆಡ್ ಡಿಕೋಡಿಂಗ್' ಎಂಬುದನ್ನು 'ಡಿಸೇಬಲ್' ಮಾಡಿ, ವಿ.ಎಲ್.ಸಿ. ಮುಚ್ಚಿ ಮತ್ತೆ ತೆರೆದು ಪರೀಕ್ಷಿಸಿ.

ಇಷ್ಟರಲ್ಲೂ ಕಾರಣ ಸಿಗದಿದ್ದರೆ 'ಟೂಲ್ಸ್' ಪಟ್ಟಿಯ 'ಮೆಸೇಜಸ್' ತೆರೆದಿಟ್ಟು ವಿಳಾಸವನ್ನು ಮತ್ತೊಮ್ಮೆ ಒತ್ತಿ. ತನಗೆ ಎಲ್ಲಿ ಅಡ್ಡಿಯಾಯಿತೆಂದು ವಿ.ಎಲ್.ಸಿ. ಅಲ್ಲಿ ಬರೆಯುತ್ತದೆ. ಆ ಬರಹದ ಫೋಟೋವನ್ನು ದುರಸ್ತಿಯವರಿಗೆ ಕಳಿಸಿದರೆ ಅರ್ಧ ಕೆಲಸ ಫೋನಿನಲ್ಲೇ ಮುಗಿಯಬಹುದು. ಫೋಟೋದಲ್ಲಿ ಪಾಸ್‌ವರ್ಡ್ ಕಾಣದಂತೆ ನೋಡಿಕೊಳ್ಳಿ.

ಮನೆಯೊಳಗೆ ಹಂಚುವ ಕ್ರಮ

ಅಂಗಳದ ಚಿತ್ರ ಅಪ್ಪನಿಗೆ ಚಾವಡಿಯಲ್ಲಿ ಬೇಕು, ಅಮ್ಮನಿಗೆ ಅಡುಗೆಮನೆಯಲ್ಲಿ ಬೇಕು, ಹಿತ್ತಿಲಾಚೆಯ ತಮ್ಮನ ಮನೆಗೂ ಬೇಕು. ಪ್ರತಿಯೊಬ್ಬರೂ ನೇರವಾಗಿ ಕ್ಯಾಮೆರಾವನ್ನೇ ತೆರೆದರೆ ಎರಡು ತೊಂದರೆಗಳಿವೆ. ಒಂದನೆಯದು, ನೋಡುವವರು ಮೂವರಾದರೆ ಕ್ಯಾಮೆರಾ ಮೂರು ಪ್ರತ್ಯೇಕ ಹರಿವು ಕಳಿಸಬೇಕು. ಅಂಗಳದಿಂದ ಮನೆಗೆ ಬರುವ ದುರ್ಬಲ ವೈ-ಫೈ ದಾರಿಯ ಮೇಲೆ ಮೂರು ಪಟ್ಟು ಭಾರ ಬೀಳುತ್ತದೆ. ಇಂತಿಷ್ಟು ಜನಕ್ಕಿಂತ ಹೆಚ್ಚು ಮಂದಿಗೆ ಕೊಡೆನೆಂದು ಕ್ಯಾಮೆರಾವೇ ನಿರಾಕರಿಸುವುದೂ ಉಂಟು. ಎರಡನೆಯದು, ಎಲ್ಲರಿಗೂ ಕ್ಯಾಮೆರಾದ ಪಾಸ್‌ವರ್ಡ್ ಕೊಡಬೇಕಾಗುತ್ತದೆ.

ಇದಕ್ಕೆ ಬದಲಾಗಿ ಮನೆಯ ಕಂಪ್ಯೂಟರೊಂದು ಕ್ಯಾಮೆರಾದಿಂದ ಒಂದೇ ಹರಿವನ್ನು ಪಡೆದು, ಅಲ್ಲಿಂದ ಕವಲು ಒಡೆಯಲಿ. ಕ್ರಮ ಹೀಗೆ:

ಅ) 'ಮೀಡಿಯಾ' ಪಟ್ಟಿಯಲ್ಲಿ 'ಸ್ಟ್ರೀಮ್' ಒತ್ತಿ, 'ನೆಟ್‌ವರ್ಕ್' ಪುಟದಲ್ಲಿ ಕ್ಯಾಮೆರಾದ ವಿಳಾಸ ಬರೆದು ಮುಂದುವರಿಯಿರಿ.

ಆ) ಗುರಿ ಕೇಳಿದಾಗ 'ಎಚ್.ಟಿ.ಟಿ.ಪಿ.' ಆರಿಸಿ 'ಆ್ಯಡ್' ಒತ್ತಿ. ಪೋರ್ಟ್ 8080 ಇರಲಿ. 'ಪಾತ್' ಎಂಬಲ್ಲಿ ಓರೆಗೆರೆ ಹಾಕಿ, 'ಅಂಗಳ' ಎಂಬಂಥ ಸಣ್ಣ ಹೆಸರನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯಿರಿ. ಈ ಕಂಪ್ಯೂಟರಿನಲ್ಲೂ ಚಿತ್ರ ಕಾಣಬೇಕಾದರೆ 'ಡಿಸ್‌ಪ್ಲೇ ಲೋಕಲಿ' ಎಂಬಲ್ಲಿ ಗುರುತು ಹಾಕಿ.

ಇ) ಮುಂದಿನ ಪುಟದಲ್ಲಿ 'ಎಚ್. 264 + ಎಂ.ಪಿ. 3 (ಟಿ.ಎಸ್.)' ಎಂಬ ಮಾದರಿ ಆರಿಸಿ. ಕ್ಯಾಮೆರಾ ಈಗಾಗಲೇ 264ರಲ್ಲೇ ಕಳಿಸುತ್ತಿದ್ದರೆ 'ಆ್ಯಕ್ಟಿವೇಟ್ ಟ್ರಾನ್ಸ್‌ಕೋಡಿಂಗ್' ಗುರುತನ್ನು ತೆಗೆದು ನೋಡಿ; ಚಿತ್ರವನ್ನು ಬಿಚ್ಚಿ ಮತ್ತೆ ಕಟ್ಟುವ ಶ್ರಮ ಕಂಪ್ಯೂಟರಿಗೆ ಉಳಿಯುತ್ತದೆ. ಆಚೆ ಬದಿಯಲ್ಲಿ ಚಿತ್ರ ಬಾರದಿದ್ದರೆ ಗುರುತನ್ನು ಮತ್ತೆ ಹಾಕಿ.

ಈ) ಕೊನೆಯಲ್ಲಿ 'ಸ್ಟ್ರೀಮ್' ಒತ್ತಿ. ವಿಂಡೋಸ್ ಅನುಮತಿ ಕೇಳಿದರೆ 'ಪ್ರೈವೇಟ್' ಜಾಲಕ್ಕೆ ಮಾತ್ರ ಅನುಮತಿ ಕೊಡಿ.

ನೋಡುವವರು ತಮ್ಮ ಕಂಪ್ಯೂಟರ್ ಅಥವಾ ಮೊಬೈಲಿನ ವಿ.ಎಲ್.ಸಿ.ಯಲ್ಲಿ ಹೊಸ ವಿಳಾಸ ಬರೆಯಬೇಕು: ಎಚ್, ಟಿ, ಟಿ, ಪಿ ಅಕ್ಷರಗಳು, ಕೋಲನ್, ಎರಡು ಓರೆಗೆರೆ, ಹಂಚುವ ಕಂಪ್ಯೂಟರಿನ ಅಂಕೆ ವಿಳಾಸ, ಕೋಲನ್, 8080, ಓರೆಗೆರೆ, ನೀವಿಟ್ಟ ಹೆಸರು. ಇಲ್ಲಿ ಕ್ಯಾಮೆರಾದ ವಿಳಾಸ ಬರೆಯಕೂಡದು. ಸಂಘದ ಸಭೆಯಲ್ಲಿ ಪಕ್ಕದ ಕೋಣೆಯಲ್ಲಿ ಕುಳಿತವರಿಗೂ ತಜ್ಞರ ಪ್ರಾತ್ಯಕ್ಷಿಕೆ ತೋರಿಸಬೇಕೆಂದರೆ ಇದೇ ಕ್ರಮ ಸಾಕು.

ಹಂಚಿದ ಚಿತ್ರ ಆಚೆ ತೆರೆಯದಿದ್ದರೆ ಮೂರು ಕಾರಣಗಳನ್ನು ಮೊದಲು ನೋಡಿ. ಮೊಬೈಲು ವೈ-ಫೈ ಬಿಟ್ಟು ಸಿಮ್ಮಿನ ಡೇಟಾದ ಮೇಲಿರಬಹುದು. ಅದು ರೂಟರಿನ 'ಗೆಸ್ಟ್' ವೈ-ಫೈಗೆ ಸೇರಿರಬಹುದು. ಸಾಮಾನ್ಯವಾಗಿ ಅತಿಥಿ ಜಾಲದಲ್ಲಿದ್ದವರಿಗೆ ಮನೆಯ ಇತರ ಯಂತ್ರಗಳು ಕಾಣಿಸುವುದಿಲ್ಲ. ಇಲ್ಲವೇ ಹಂಚುವ ಕಂಪ್ಯೂಟರ್ ನಿದ್ದೆಗೆ ಜಾರಿರಬಹುದು.

ಮನೆಯ ಹೊರಗೆ ಹಂಚುವಾಗ

192.168 ಎಂದು ಆರಂಭವಾಗುವ ವಿಳಾಸ ಮನೆಯೊಳಗಿನದು. ನಾವು 'ಉಪ್ಪರಿಗೆ', 'ಬಡಗು ಕೋಣೆ' ಎನ್ನುವಂತೆ. ಮನೆಯವರಿಗೆ ಅರ್ಥವಾಗುತ್ತದೆ, ಅಂಚೆಯವನಿಗೆ ಅದು ವಿಳಾಸವಲ್ಲ. ಬೆಂಗಳೂರಿನ ಮಗಳಿಗೆ ಈ ವಿಳಾಸ ಕಳಿಸಿದರೆ ಪ್ರಯೋಜನವಿಲ್ಲ. ರೂಟರಿನಲ್ಲಿ ಬಾಗಿಲು ತೆರೆದು ಕ್ಯಾಮೆರಾವನ್ನು ನೇರ ಹೊರಜಗತ್ತಿಗೆ ಜೋಡಿಸಿಕೊಡುತ್ತೇವೆ ಎನ್ನುವವರೂ ಇದ್ದಾರೆ. ಇದಕ್ಕೆ ಒಪ್ಪಬೇಡಿ. ಮೊಬೈಲ್ ಜಾಲಗಳಲ್ಲೂ ಹಲವು ಫೈಬರ್ ಸಂಪರ್ಕಗಳಲ್ಲೂ ಅನೇಕ ಮನೆಗಳಿಗೆ ಸೇರಿ ಒಂದೇ ಹೊರ ವಿಳಾಸ ಇರುವುದರಿಂದ ಅದು ಕೆಲಸ ಮಾಡುವುದೂ ಇಲ್ಲ. ಮಾಡಿದರೆ ಇನ್ನೂ ಅಪಾಯ. ತೆರೆದ ಬಾಗಿಲುಗಳನ್ನು ಹುಡುಕುತ್ತ ಅಂತರ್ಜಾಲದಲ್ಲಿ ಹಗಲಿರುಳು ಅಲೆಯುವ ಯಂತ್ರಗಳಿವೆ. 2016ರಲ್ಲಿ ಮಿರಾಯ್ ಎಂಬ ಕಳ್ಳ ತಂತ್ರಾಂಶ, ಕಾರ್ಖಾನೆಯಲ್ಲಿ ಇಟ್ಟ ಪಾಸ್‌ವರ್ಡನ್ನೇ ಉಳಿಸಿಕೊಂಡಿದ್ದ ಲಕ್ಷಾಂತರ ಕ್ಯಾಮೆರಾ, ರೂಟರುಗಳನ್ನು ವಶಪಡಿಸಿಕೊಂಡು, ಆ ಅಕ್ಟೋಬರಿನಲ್ಲಿ ಅಮೆರಿಕದ ಹಲವು ಪ್ರಮುಖ ತಾಣಗಳು ತೆರೆಯದಂತೆ ಮಾಡಿತು. ಅಂಗಳದಲ್ಲಿ ಎಷ್ಟು ಅಡಿಕೆ ಇದೆ, ಮನೆಯಲ್ಲಿ ಯಾವಾಗ ಯಾರೂ ಇರುವುದಿಲ್ಲ ಎಂಬುದನ್ನು ಅಪರಿಚಿತನಿಗೆ ನಾವೇ ತೋರಿಸಿಕೊಟ್ಟಂತೆ ಆಗಬಾರದು.

ದೂರದವರಿಗೆ ತೋರಿಸಲು ಎರಡು ಕ್ಷೇಮ ಮಾರ್ಗಗಳಿವೆ. ಸುಲಭವಾದದ್ದು, ಕ್ಯಾಮೆರಾ ಕಂಪನಿಯ ಆ್ಯಪಿನಲ್ಲಿ ಮಗಳಿಗೆ ಪ್ರತ್ಯೇಕ ಖಾತೆ ಮಾಡಿ, ನೋಡುವ ಅಧಿಕಾರ ಮಾತ್ರ ಕೊಡುವುದು. ಇನ್ನೊಂದು, ವಿ.ಪಿ.ಎನ್. ಎಂಬ ಖಾಸಗಿ ದಾರಿ ಹಾಕಿಸುವುದು. ವೈರ್‌ಗಾರ್ಡ್ ಎಂಬುದು ಇಂಥ ಒಂದು ಉಚಿತ ತಂತ್ರಾಂಶ. ಅದನ್ನು ತಿಳಿದವರಿಂದಲೇ ಹಾಕಿಸಬೇಕು.

ಎರಡರಲ್ಲೂ ಡೇಟಾದ ಲೆಕ್ಕ ತಿಳಿದಿರಲಿ. ಮನೆಯೊಳಗಿನ ಹರಿವಿಗೆ ಕಾಸು ಖರ್ಚಿಲ್ಲ. ಹೊರಗೆ ಹೋದದ್ದಕ್ಕೆ ಉಂಟು. ಸೆಕೆಂಡಿಗೆ 2 ಮೆಗಾಬಿಟ್ ಹರಿವೆಂದರೆ ಗಂಟೆಗೆ 900 ಎಂ.ಬಿ.; ಹಗಲೂ ರಾತ್ರಿ ತೆರೆದಿಟ್ಟರೆ ದಿನಕ್ಕೆ 21.6 ಜಿ.ಬಿ. ದಿನಕ್ಕೆ 2 ಜಿ.ಬಿ. ಮಿತಿ ಇರುವ ಸಿಮ್ಮು ಎರಡು ಗಂಟೆ ಹದಿಮೂರು ನಿಮಿಷದಲ್ಲಿ ಖಾಲಿ. ಅರ್ಧ ಮೆಗಾಬಿಟ್ಟಿನ ಉಪ ಹರಿವಾದರೆ ಗಂಟೆಗೆ 225 ಎಂ.ಬಿ. ಮಾತ್ರ. ಇಬ್ಬರು ನೋಡಿದರೆ ಮನೆಯಿಂದ ಹೊರಹೋಗುವ ಭಾರ ಇಮ್ಮಡಿಯಾಗಬಹುದು.

ಎಲ್ಲರೂ ಪಾಲಿಸಬೇಕಾದ ಎಚ್ಚರಿಕೆಗಳು

ಕ್ಯಾಮೆರಾದ ಜೊತೆ ಬಂದ ಪಾಸ್‌ವರ್ಡನ್ನು ಮೊದಲ ದಿನವೇ ಬದಲಿಸತಕ್ಕದ್ದು. ವಿ.ಎಲ್.ಸಿ.ಯಿಂದ ಹಂಚಿದ ಹರಿವಿಗೆ ನಾವು ಹೇಳಿದ ಕ್ರಮದಲ್ಲಿ ಪಾಸ್‌ವರ್ಡ್ ಇರುವುದಿಲ್ಲ. ನಿಮ್ಮ ವೈ-ಫೈ ಸೇರಿದವರೆಲ್ಲ ನೋಡಬಹುದು. ಆದ್ದರಿಂದ ಬಂದ ಹೋದವರಿಗೆ 'ಗೆಸ್ಟ್' ವೈ-ಫೈಯನ್ನೇ ಕೊಡಿ.

ಕಳ್ಳತನ ನಡೆದರೆ, ನೋಡುತ್ತಿರುವ ಚಿತ್ರವನ್ನು ವಿ.ಎಲ್.ಸಿ.ಯ ಕೆಂಪು 'ರೆಕಾರ್ಡ್' ಗುಂಡಿಯಿಂದ ಉಳಿಸಬಹುದು ('ವ್ಯೂ' ಪಟ್ಟಿಯಲ್ಲಿ 'ಅಡ್ವಾನ್ಸ್ಡ್ ಕಂಟ್ರೋಲ್ಸ್' ಒತ್ತಿದರೆ ಗುಂಡಿ ಕಾಣುತ್ತದೆ). ಆದರೆ ಇದನ್ನೇ ನಂಬಿ ಕೂರಬೇಡಿ. ಕ್ಯಾಮೆರಾದ ಮೆಮೊರಿ ಕಾರ್ಡು ಅಥವಾ ರೆಕಾರ್ಡರಿನಲ್ಲಿರುವ ಮೂಲವನ್ನು ಅಳಿಸದೆ, ಅದರ ಮೇಲೆ ಹೊಸದು ಬರೆಯಲ್ಪಡುವ ಮೊದಲೇ ಪೊಲೀಸರಿಗೆ ತೋರಿಸಿ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನಂತೆ, ಇಂಥ ದಾಖಲೆಯ ಪ್ರತಿಯನ್ನು ನ್ಯಾಯಾಲಯಕ್ಕೆ ಒಪ್ಪಿಸುವಾಗ ಪ್ರಮಾಣಪತ್ರವೂ ಬೇಕಾಗುತ್ತದೆ.

ಕೊನೆಯದಾಗಿ, ಕ್ಯಾಮೆರಾ ಅಂಗಳವನ್ನೂ ಉಗ್ರಾಣದ ಬಾಗಿಲನ್ನೂ ನೋಡಲಿ. ಲೈನ್ ಮನೆಗಳ ಬಾಗಿಲನ್ನಾಗಲಿ, ನೆರೆಮನೆಯ ಜಗಲಿಯನ್ನಾಗಲಿ ನೋಡುವುದು ಬೇಡ. ಅಂಗಳದಲ್ಲಿ ಕ್ಯಾಮೆರಾ ಇದೆಯೆಂದು ಕೆಲಸಕ್ಕೆ ಬರುವವರಿಗೆ ಮೊದಲೇ ಹೇಳುವುದು ಮರ್ಯಾದೆ.

ಸದಸ್ಯರ ಅಭ್ಯಾಸಕ್ಕೆ

1. ರಾತ್ರಿ ಕರೆಂಟು ಹೋಗಿ ಬಂದಿದೆ. ಕ್ಯಾಮೆರಾದ ಕೆಂಪು ದೀಪ ಉರಿಯುತ್ತಿದೆ, ಪರದೆ ಕಪ್ಪು. ಮೊದಲು ಏನನ್ನು ನೋಡುವಿರಿ?

2. ಚಿತ್ರ ಜಗಲಿಯ ಮೊಬೈಲಿನಲ್ಲಿ ಬರುತ್ತದೆ, ಗದ್ದೆಬದಿಗೆ ಹೋದ ಕೂಡಲೇ ನಿಲ್ಲುತ್ತದೆ. ಇದು ಕ್ಯಾಮೆರಾದ ದೋಷವೇ?

3. ಚಿತ್ರದಲ್ಲಿ ಚೌಕಗಳು ಒಡೆಯುವುದಕ್ಕೂ ಚಿತ್ರ ಕುಂಟುವುದಕ್ಕೂ ಇರುವ ವ್ಯತ್ಯಾಸವೇನು? ಎರಡಕ್ಕೂ ಮದ್ದು ಒಂದೆಯೇ?

4. ನಿಮ್ಮ ಕ್ಯಾಮೆರಾದ ಉಪ ಹರಿವು ಸೆಕೆಂಡಿಗೆ 1 ಮೆಗಾಬಿಟ್ ಆದರೆ, ದಿನಕ್ಕೆ ನಾಲ್ಕು ಗಂಟೆ ಹೊರಗಿನಿಂದ ನೋಡಲು ಎಷ್ಟು ಡೇಟಾ ಬೇಕು?

ಕೊಯ್ಲು ಆರಂಭವಾಗುವ ಮೊದಲೇ ಒಂದು ಭಾನುವಾರ ಮನೆಯವರೆಲ್ಲ ಸೇರಿ ಈ ಕ್ರಮವನ್ನು ಮಾಡಿ ನೋಡಿರಿ. ಬೇಕೆಂದೇ ಮೈನ್ ಸ್ವಿಚ್ ತೆಗೆದು ಹಾಕಿ, ಚಿತ್ರ ತಾನಾಗಿ ಮರಳಿ ಬರುವುದೋ ಇಲ್ಲವೋ ಪರೀಕ್ಷಿಸಿ. ಕ್ಯಾಮೆರಾದ ಅಂಕೆ ವಿಳಾಸ, ಹರಿವಿನ ಹೆಸರು, ಹಂಚುವ ಕಂಪ್ಯೂಟರಿನ ವಿಳಾಸ ಇವನ್ನು ಒಂದು ರಟ್ಟಿನ ಮೇಲೆ ಬರೆದು ಇನ್ವರ್ಟರಿನ ಬಳಿ ತೂಗುಹಾಕಿ; ಪಾಸ್‌ವರ್ಡನ್ನು ಮಾತ್ರ ಕಪಾಟಿನೊಳಗಿಡಿ. ಮನೆಯಲ್ಲಿ ಕನಿಷ್ಠ ಇಬ್ಬರಿಗೆ ಈ ಕೆಲಸ ತಿಳಿದಿರಲಿ. ತಿಳಿದಿರುವ ಒಬ್ಬರು ಮದುವೆಗೆ ಹೋದ ರಾತ್ರಿಯೂ ಅಡಿಕೆ ಅಂಗಳದಲ್ಲೇ ಇರುತ್ತದೆ.